ಅಕ್ಷರ ಒಡೆಯದಂತೆ ಕೋಡ್ ಬರೆಯುವುದು: ಕನ್ನಡ ಜಾಲತಾಣ ಕಟ್ಟುವವರಿಗೆ

‘ರಾಷ್ಟ್ರ’ ಪದದಲ್ಲಿ ಎಷ್ಟು ಅಕ್ಷರಗಳಿವೆ? ಕನ್ನಡ ಓದಬಲ್ಲ ಯಾರನ್ನು ಕೇಳಿದರೂ ಎರಡು ಎನ್ನುತ್ತಾರೆ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೇಳಿದರೆ 7 ಎನ್ನುತ್ತದೆ: ರ, ದೀರ್ಘದ ಚಿಹ್ನೆ, ಷ, ಹಲಂತ, ಟ, ಹಲಂತ, ರ. ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದರೆ ಅದೇ ಪದ 21 ಬೈಟ್ ಜಾಗ ಹಿಡಿಯುತ್ತದೆ, ಏಕೆಂದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಓದುಗ ಎಣಿಸುವುದು ಅಕ್ಷರವನ್ನು, ಪ್ರೋಗ್ರಾಮ್ ಎಣಿಸುವುದು ಸಂಕೇತವನ್ನು, ಡಿಸ್ಕ್ ಎಣಿಸುವುದು ಬೈಟನ್ನು. ಕನ್ನಡ ಪುಟಗಳಲ್ಲಿ ಕಾಣುವ ಬಹುಪಾಲು ತೊಂದರೆಗಳಿಗೆ ಈ ಮೂರು ಲೆಕ್ಕಗಳನ್ನು ಒಂದೇ ಎಂದುಕೊಂಡದ್ದೇ ಕಾರಣ.

ಒಂದು ಸೂಚನೆ. ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಎಡಿಟರ್‌ನಲ್ಲಿ ಎಂದಿನಂತೆ ಲ್ಯಾಟಿನ್ ಅಕ್ಷರಗಳಲ್ಲಿ ಟೈಪ್ ಮಾಡಿ. ಯುನಿಕೋಡ್ (ಎಲ್ಲ ಲಿಪಿಗಳ ಸಂಕೇತಗಳಿಗೂ ಒಂದೊಂದು ಸಂಖ್ಯೆ ಕೊಡುವ ಮಾನಕ) ಸಂಖ್ಯೆಗಳೆಲ್ಲ ದಶಮಾನದಲ್ಲಿವೆ. ಕನ್ನಡದ ಪಾಲಿಗೆ ಬಂದಿರುವುದು 3200ರಿಂದ 3327ರವರೆಗಿನ ಸ್ಥಾನಗಳು. ಹಲಂತ 3277. ಎಚ್‌ಟಿಎಂಎಲ್‌ನಲ್ಲಿ &#3277; ಎಂದು, ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗ್‌ನ ಫ್ರಮ್‌ಕೋಡ್‌ಪಾಯಿಂಟ್‌ಗೆ ಈ ಸಂಖ್ಯೆಯನ್ನೇ ಕೊಟ್ಟು ಬಳಸಬಹುದು.

ಮೊದಲು ರೋಗ ಗುರುತಿಸಿ

ಪುಟದಲ್ಲಿ ಕನ್ನಡ ಸರಿಯಾಗಿ ಕಾಣದಿದ್ದಾಗ ಕೂಡಲೇ ಫಾಂಟ್ ಬದಲಿಸಲು ಹೋಗಬೇಡಿ. ಏನು ಕಾಣುತ್ತಿದೆ ಎಂದು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಖಾಲಿ ಚೌಕಗಳು ಕಂಡರೆ ಡೇಟಾ ಸರಿಯಾಗಿದೆ, ಫಾಂಟ್ ಇಲ್ಲ.

ತಲೆಯ ಮೇಲೆ ಓರೆ ಗೀಟಿರುವ ಲ್ಯಾಟಿನ್ ‘ಎ’, ಅದರ ಪಕ್ಕದಲ್ಲಿ ಪುಟ್ಟ ² ಅಥವಾ ³ ಮತ್ತೆ ಮತ್ತೆ ಕಂಡರೆ, ಯುಟಿಎಫ್-8 ಬೈಟ್‌ಗಳನ್ನು ಯಾರೋ ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಎನ್‌ಕೋಡಿಂಗ್) ಎಂದು ಓದುತ್ತಿದ್ದಾರೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದರಿಂದಲೇ ಈ ಗುರುತು ಇಷ್ಟು ಖಚಿತ. ಎಚ್‌ಟಿಟಿಪಿ ಹೆಡರ್‌ನ ಕಂಟೆಂಟ್-ಟೈಪ್‌ನಲ್ಲಿ ಚಾರ್‌ಸೆಟ್ ಯುಟಿಎಫ್-8 ಇದೆಯೇ ನೋಡಿ. ಹೆಡರ್ ಒಂದು ಹೇಳಿ ಮೆಟಾ ಟ್ಯಾಗ್ ಇನ್ನೊಂದು ಹೇಳಿದರೆ ಗೆಲ್ಲುವುದು ಹೆಡರ್. ಮೆಟಾ ಚಾರ್‌ಸೆಟ್ ಫೈಲಿನ ಮೊದಲ 1024 ಬೈಟ್‌ನೊಳಗೆ ಇರಬೇಕು. ಹೆಡ್‌ನ ಮೊದಲ ಸಾಲಿನಲ್ಲೇ ಇಟ್ಟರೆ ಚಿಂತೆಯಿಲ್ಲ.

ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಡೇಟಾ ಹೋಗಿಬಿಟ್ಟಿದೆ. ಡೇಟಾಬೇಸ್‌ನ ಕಾಲಂ ಅಥವಾ ಸಂಪರ್ಕಕ್ಕೆ ಕನ್ನಡ ಗೊತ್ತಿಲ್ಲದೆ ಪ್ರತಿ ಸಂಕೇತದ ಜಾಗದಲ್ಲಿ ‘?’ ಬರೆದಿದೆ. ಇದಕ್ಕೆ ಬ್ಯಾಕಪ್ ಒಂದೇ ದಾರಿ. ಈ ಮೂರರಲ್ಲಿ ಮದ್ದಿಲ್ಲದ್ದು ಇದೊಂದೇ, ಹಾಗಾಗಿ ಹೊಸ ಸರ್ವರ್‌ಗೆ ಸ್ಥಳಾಂತರಿಸುವಾಗ ಮೊದಲು ಹತ್ತು ಸಾಲು ಮಾತ್ರ ಸಾಗಿಸಿ ನೋಡಿ.

ಮೈಎಸ್‌ಕ್ಯುಎಲ್‌ನಲ್ಲಿ ‘ಯುಟಿಎಫ್8’ ಎಂಬ ಹಳೆಯ ಹೆಸರು 3 ಬೈಟ್‌ಗೆ ಸೀಮಿತ. ಕನ್ನಡ ಅದರಲ್ಲಿ ಸರಿಯಾಗಿಯೇ ಕೂರುತ್ತದೆ. ಆದರೆ ಓದುಗರು ಕಮೆಂಟಿನಲ್ಲಿ ಒಂದು ಎಮೋಜಿ ಹಾಕಿದೊಡನೆ ಸಾಲು ತಿರಸ್ಕೃತವಾಗುತ್ತದೆ ಇಲ್ಲವೇ ಅಲ್ಲಿಂದ ಮುಂದೆ ಕತ್ತರಿಸಿಹೋಗುತ್ತದೆ. ಟೇಬಲ್, ಕಾಲಂ, ಸಂಪರ್ಕ ಮೂರನ್ನೂ ‘ಯುಟಿಎಫ್8ಎಂಬಿ4’ಗೆ ಬದಲಿಸಿ, 8.0 ಆವೃತ್ತಿಯಿಂದ ಅದೇ ಪೂರ್ವನಿಯೋಜಿತ. ಲ್ಯಾಟಿನ್-1 ಕಾಲಂನಲ್ಲಿ ಯುಟಿಎಫ್-8 ಬೈಟ್‌ಗಳು ಹಾಗೆಯೇ ಕೂತಿದ್ದರೆ ನೇರವಾಗಿ ಪರಿವರ್ತಿಸಬೇಡಿ, ಎರಡೆರಡು ಸಲ ಎನ್‌ಕೋಡ್ ಆಗಿ ಕಗ್ಗಂಟು ಇನ್ನಷ್ಟು ಬಿಗಿಯುತ್ತದೆ. ಮೊದಲು ಕಾಲಂ ಅನ್ನು ಕಚ್ಚಾ ಬೈಟ್ ಇಡುವ ಬ್ಲಾಬ್‌ಗೆ ಬದಲಿಸಿ, ಆಮೇಲೆ ಯುಟಿಎಫ್8ಎಂಬಿ4 ಪಠ್ಯಕ್ಕೆ ತನ್ನಿ. ಬ್ಲಾಬ್‌ಗೆ ಹೋದಾಗ ಮೈಎಸ್‌ಕ್ಯುಎಲ್ ಬೈಟ್‌ಗಳನ್ನು ಮುಟ್ಟುವುದಿಲ್ಲ, ಕೆಲಸ ಆಗುವುದು ಅದರಿಂದಲೇ.

ಪಠ್ಯ ಒಳಗೆ ಬರುವಾಗಲೇ ಶುಚಿ ಮಾಡಿ

ಕಣ್ಣಿಗೆ ಒಂದೇ ಆಗಿ ಕಾಣುವ ‘ಕೊಡಗು’ ಎರಡು ರೀತಿಯಲ್ಲಿ ಸಂಗ್ರಹವಾಗಿರಬಹುದು. ‘ಕೊ’ದ ಸ್ವರಚಿಹ್ನೆ ಒಂದೇ ಸಂಕೇತವಾಗಿರಬಹುದು (3274), ಅಥವಾ ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿ ಆಗಿರಬಹುದು (3270, 3266). ಹೀಗೆ ಬಿಡಿಸಬಹುದಾದ ಸ್ವರಚಿಹ್ನೆಗಳು ಕನ್ನಡದಲ್ಲಿ ಐದು: ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿರುವವು. ಓದುಗ ಹುಡುಕಿದ್ದು ಒಂದು ರೂಪ, ಡೇಟಾಬೇಸ್‌ನಲ್ಲಿರುವುದು ಇನ್ನೊಂದಾದರೆ ‘ಫಲಿತಾಂಶ ಇಲ್ಲ’ ಎಂದೇ ಉತ್ತರ. ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಸ್ ಆಜ್ಞೆಗೆ ‘ಎನ್‌ಎಫ್‌ಸಿ’ ಕೊಟ್ಟರೆ ಐದೂ ಒಂಟಿ ಸಂಕೇತಕ್ಕೆ ಬರುತ್ತವೆ. ಪಿಎಚ್‌ಪಿಯಲ್ಲಿ ನಾರ್ಮಲೈಸರ್ ಕ್ಲಾಸ್, ಪೈಥಾನ್‌ನಲ್ಲಿ ಯುನಿಕೋಡ್‌ಡೇಟಾ ಮಾಡ್ಯೂಲ್ ಇದೇ ಕೆಲಸ ಮಾಡುತ್ತವೆ. ಉಳಿಸುವಾಗ ಒಮ್ಮೆ, ಹುಡುಕು ಪದ ಬಂದಾಗ ಒಮ್ಮೆ.

ಎರಡನೆಯದು ಸೊನ್ನೆಯ ಗೊಂದಲ. ಅನುಸ್ವಾರವನ್ನೂ ನಾವು ಸೊನ್ನೆ ಎನ್ನುತ್ತೇವೆ, ಅಂಕಿಯನ್ನೂ ಸೊನ್ನೆ ಎನ್ನುತ್ತೇವೆ. ಯುನಿಕೋಡ್‌ನಲ್ಲಿ ಅನುಸ್ವಾರ 3202, ಅಂಕಿ 3302. ಹಳೆಯ ಫಾಂಟ್‌ಗಳಿಂದ ಪರಿವರ್ತಿಸಿದ ಬರಹಗಳಲ್ಲಿ ‘ಬೆ೦ಗಳೂರು’ ಎಂದು ಅಂಕಿ ನುಸುಳಿರುವುದು ತೀರಾ ಸಾಮಾನ್ಯ. ಮುದ್ರಿಸಿದರೆ ವ್ಯತ್ಯಾಸ ಗೊತ್ತಾಗದು, ಹುಡುಕಿದರೆ ಸಿಗದು. ಎನ್‌ಎಫ್‌ಸಿ ಆದ ಮೇಲೆ ಈ ರೆಗೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಓಡಿಸಿ:

ಹುಡುಕು: ([ಅ-ೌ])೦(?![೦-೯])
ಬದಲಿಸು: $1ಂ

ಮೊದಲ ಆವರಣ ‘ಅ’ದಿಂದ ಔತ್ವದ ಚಿಹ್ನೆಯವರೆಗಿನ ಯಾವ ಸಂಕೇತವನ್ನಾದರೂ ಹಿಡಿಯುತ್ತದೆ. ಕೊನೆಯ ಭಾಗ, ಮುಂದೆ ಮತ್ತೊಂದು ಕನ್ನಡ ಅಂಕಿ ಇದ್ದರೆ ಮುಟ್ಟಬೇಡ ಎನ್ನುತ್ತದೆ. ಹಾಗಾಗಿ ‘ವಾರ್ಡು೦೧’ ಕೆಡುವುದಿಲ್ಲ. ೧೦, ೨೦ರಂಥವುಗಳಲ್ಲಿ ಸೊನ್ನೆಯ ಹಿಂದೆ ಅಂಕಿಯೇ ಇರುವುದರಿಂದ ಅವೂ ಸುರಕ್ಷಿತ.

ಮೂರನೆಯದನ್ನು ಒಳ್ಳೆಯ ಡೆವಲಪರ್‌ಗಳೂ ಕೆಡಿಸುತ್ತಾರೆ. ‘ಸಾಫ್ಟ್‌ವೇರ್’ ಪದದಲ್ಲಿ ಟ್ ಮತ್ತು ವೇ ನಡುವೆ ಕಾಣದ ಒಂದು ಸಂಕೇತವಿದೆ: ಝೀರೋ ವಿಡ್ತ್ ನಾನ್-ಜಾಯ್ನರ್, ಸಂಖ್ಯೆ 8204. ಅದನ್ನು ತೆಗೆದರೆ ‘ಸಾಫ್ಟ್ವೇರ್’ ಎಂದು ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಇದರ ಜೋಡಿ ಝೀರೋ ವಿಡ್ತ್ ಜಾಯ್ನರ್, 8205. ‘ರ‍್ಯಾಲಿ’ಯಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗುವುದು ಅದರಿಂದ, ತೆಗೆದರೆ ಅರ್ಕಾವೊತ್ತು ಬಂದು ‘ರ್ಯಾಲಿ’ ಆಗುತ್ತದೆ. ‘ಕಾಣದ ಸಂಕೇತಗಳನ್ನೆಲ್ಲ ಅಳಿಸು’ ಎಂಬ ಸ್ಯಾನಿಟೈಸರ್ ಲೈಬ್ರರಿಗಳು ಇವೆರಡನ್ನೂ ಕಸವೆಂದು ಗುಡಿಸುತ್ತವೆ. ಪ್ರದರ್ಶಿಸುವ ಪಠ್ಯದಿಂದ 8204, 8205ನ್ನು ಎಂದೂ ತೆಗೆಯಬೇಡಿ.

ಹುಡುಕಾಟಕ್ಕೆ ಮಾತ್ರ ಇದು ತಿರುವುಮುರುವು. ಓದುಗ ಜಾಯ್ನರ್ ಹಾಕಿ ಟೈಪ್ ಮಾಡುತ್ತಾನೋ ಇಲ್ಲವೋ ಹೇಳಲಾಗದು. ಆದ್ದರಿಂದ ಪ್ರತಿ ದಾಖಲೆಗೆ ಎರಡು ಕಾಲಂ ಇಡಿ. ಒಂದರಲ್ಲಿ ಬರೆದದ್ದು ಬರೆದ ಹಾಗೆ. ಇನ್ನೊಂದು ಹುಡುಕು-ಕೀಲಿ: ಎನ್‌ಎಫ್‌ಸಿ ಮಾಡಿ, ಸೊನ್ನೆ ಸರಿಪಡಿಸಿ, ಎರಡೂ ಜಾಯ್ನರ್ ತೆಗೆದು, ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿದ ರೂಪ. ಅಂಕಿ ಬದಲಿಸುವುದು ಸುಲಭ, ಸಂಕೇತ ಸಂಖ್ಯೆಯಿಂದ 3302 ಕಳೆದರೆ ಬೆಲೆ ಸಿಗುತ್ತದೆ. ಪಿನ್‌ಕೋಡ್, ಮೊಬೈಲ್ ಸಂಖ್ಯೆಯ ಕ್ಷೇತ್ರಗಳಲ್ಲೂ ಇದನ್ನು ಮಾಡಿ. ಜಾವಾಸ್ಕ್ರಿಪ್ಟ್‌ನ ನಂಬರ್ ಆಜ್ಞೆಗೆ ‘೫೬೦೦೦೧’ ಕೊಟ್ಟರೆ ಸಂಖ್ಯೆಯಲ್ಲ ಎನ್ನುತ್ತದೆ.

ಕತ್ತರಿಸುವುದು, ಎಣಿಸುವುದು

ಸುದ್ದಿಯ ತುಣುಕನ್ನು 100 ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ ಹಾಕುವ ಕೋಡ್ ಎಲ್ಲ ಜಾಲತಾಣದಲ್ಲೂ ಇರುತ್ತದೆ. ಪಿಎಚ್‌ಪಿಯ ಸಬ್‌ಸ್ಟರ್ ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತದೆ: ‘ಕರ್ನಾಟಕ’ವನ್ನು 10 ಬೈಟ್‌ಗೆ ಕತ್ತರಿಸಿದರೆ ಮೂರು ಸಂಕೇತ ಉಳಿದು ನಾಲ್ಕನೆಯದರ ಮೂರನೇ ಒಂದು ಭಾಗ ನೇತಾಡುತ್ತದೆ, ಕೊನೆಯಲ್ಲಿ ವಜ್ರದೊಳಗಿನ ಪ್ರಶ್ನೆ ಚಿಹ್ನೆ � ಮೂಡುತ್ತದೆ. ಸಂಕೇತದ ಲೆಕ್ಕದಲ್ಲಿ ಕತ್ತರಿಸುವ ಎಂಬಿ-ಸಬ್‌ಸ್ಟರ್‌ಗೆ 3 ಕೊಟ್ಟರೆ ಆ ಚಿಹ್ನೆ ಹೋಗುತ್ತದೆ, ಆದರೆ ಪದ ‘ಕರ್’ ಎಂದು ನಿಲ್ಲುತ್ತದೆ. ಅದೂ ತಪ್ಪೇ.

ಕಾರ್ಡ್‌ನ ಶೀರ್ಷಿಕೆಯಂಥ ಕಡೆ ಕೋಡ್‌ನಲ್ಲಿ ಕತ್ತರಿಸಲೇಬೇಡಿ. ಸಿಎಸ್‌ಎಸ್‌ನ ಟೆಕ್ಸ್ಟ್-ಓವರ್‌ಫ್ಲೋ ಅಥವಾ ಲೈನ್-ಕ್ಲ್ಯಾಂಪ್‌ಗೆ ಬಿಟ್ಟರೆ ಬ್ರೌಸರ್ ಪರದೆಯ ಅಗಲ ನೋಡಿ ತಾನೇ ನಿಲ್ಲಿಸುತ್ತದೆ. ಎಣಿಕೆ ಬೇಕೇ ಬೇಕೆಂದಾಗ ಮಾತ್ರ ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಕುಟುಂಬದಲ್ಲಿರುವ, ಪಠ್ಯ ಒಡೆಯುವ ಸೆಗ್ಮೆಂಟರ್ ಬಳಸಿ. ಕ್ರೋಮ್ 87, ಸಫಾರಿ 14.1, ಫೈರ್‌ಫಾಕ್ಸ್ 125ರಿಂದ ಅದು ಸಿಗುತ್ತದೆ.

ಆದರೆ ಅದನ್ನು ಹಾಗೆಯೇ ನಂಬಿದರೆ ಕೈಕೊಡುತ್ತದೆ. ಗ್ರಾಫೀಮ್ (ಓದುಗ ಒಂದೇ ಅಕ್ಷರವೆಂದು ಕಾಣಬೇಕಾದ ಘಟಕ) ಮಟ್ಟದಲ್ಲಿ ಒಡೆದರೆ ‘ರಾಷ್ಟ್ರ’ ಎರಡು ತುಂಡಾಗುವುದಿಲ್ಲ. ರಾ, ಷ್, ಟ್, ರ ಎಂದು ನಾಲ್ಕಾಗುತ್ತದೆ. ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮವನ್ನು ಯುನಿಕೋಡ್ 2023ರ 15.1 ಆವೃತ್ತಿಯಲ್ಲಿ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆಗ ಅದರಲ್ಲಿ ಸೇರಿದವು. ಕನ್ನಡ ಸೇರಲಿಲ್ಲ. ಆದ್ದರಿಂದ ತುಂಡುಗಳನ್ನು ನಾವೇ ಹೊಲಿಯಬೇಕು. ವಿಧಾನ ಹೀಗಿದೆ:

1. ಭಾಷೆಯ ಸಂಕೇತ ಕೆಎನ್, ಗ್ರ್ಯಾನ್ಯುಲಾರಿಟಿ ಗ್ರಾಫೀಮ್ ಕೊಟ್ಟು ಪಠ್ಯವನ್ನು ಒಡೆಯಿರಿ. ಖಾಲಿ ಪಟ್ಟಿಯೊಂದನ್ನು ಇಟ್ಟುಕೊಳ್ಳಿ.
2. ಪ್ರತಿ ತುಂಡಿಗೂ ಎರಡು ಪರೀಕ್ಷೆ ಮಾಡಿ: ಪಟ್ಟಿಯ ಕೊನೆಯ ತುಂಡು ಹಲಂತದಲ್ಲಿ (3277) ಮುಗಿಯುತ್ತದೆಯೇ? ಈಗ ಬಂದ ತುಂಡು ^[ಕ-ಹ] ಎಂಬ ರೆಗೆಕ್ಸ್‌ಗೆ ಹೊಂದುತ್ತದೆಯೇ?
3. ಎರಡೂ ಹೌದಾದರೆ ಕೊನೆಯ ತುಂಡಿಗೆ ಅಂಟಿಸಿ. ಇಲ್ಲವಾದರೆ ಹೊಸ ತುಂಡಾಗಿ ಸೇರಿಸಿ.

‘ಸ್ತ್ರೀ’ ಹೀಗೆ ಒಂದೇ ತುಂಡಾಗುತ್ತದೆ. ‘ಸಾಫ್ಟ್‌ವೇರ್’ನಲ್ಲಿ ಹಲಂತದ ನಂತರ ನಾನ್-ಜಾಯ್ನರ್ ಇರುವುದರಿಂದ ತುಂಡು ಹಲಂತದಲ್ಲಿ ಮುಗಿಯುವುದಿಲ್ಲ, ವೇ ಅಂಟಿಕೊಳ್ಳುವುದಿಲ್ಲ: ಸಾ, ಫ್ಟ್‌, ವೇ, ರ್. ಕಣ್ಣಿಗೆ ಕಾಣುವುದೂ ಹಾಗೆಯೇ. ಮುಂದೊಂದು ದಿನ ಬ್ರೌಸರ್‌ಗಳೇ ಒತ್ತಕ್ಷರ ಕೂಡಿಸತೊಡಗಿದರೂ ಈ ಕೋಡ್ ಕೆಡುವುದಿಲ್ಲ, ಮಾಡಲು ಕೆಲಸವಿಲ್ಲದೆ ಸುಮ್ಮನಿರುತ್ತದೆ.

ಫಾರ್ಮ್‌ಗಳ ಮ್ಯಾಕ್ಸ್‌ಲೆಂಗ್ತ್ ಎಣಿಸುವುದೂ ಸಂಕೇತಗಳನ್ನೇ. ‘ಶ್ರೀನಿವಾಸ’ ನಾಲ್ಕು ಅಕ್ಷರ, ಒಂಬತ್ತು ಸಂಕೇತ. ಇಂಗ್ಲಿಷ್ ಹೆಸರಿಗೆಂದು 20ರ ಮಿತಿ ಇಟ್ಟ ಫಾರ್ಮ್‌ನಲ್ಲಿ ತಂದೆಯ ಹೆಸರನ್ನೂ ಸೇರಿಸಿ ಬರೆಯಲು ಹೋದವರು ಅರ್ಧದಲ್ಲೇ ನಿಲ್ಲುತ್ತಾರೆ. ಮಿತಿಯನ್ನು ಎರಡೂವರೆಯಿಂದ ಮೂರು ಪಟ್ಟು ಮಾಡಿ. ಎಸ್‌ಎಂಎಸ್ ಕಳುಹಿಸುವ ವ್ಯವಸ್ಥೆಯಿದ್ದರೆ ಅಲ್ಲಿ ಮಿತಿ ಸಂಕೇತದ ಲೆಕ್ಕದಲ್ಲೇ ಇದೆ ಎಂದು ನೆನಪಿಡಿ: ಕನ್ನಡದ ಒಂದು ಸಂದೇಶಕ್ಕೆ 70, ಒಂದಕ್ಕಿಂತ ಹೆಚ್ಚಾದರೆ ತಲಾ 67.

ಪರಿಶೀಲನೆ, ಹುಡುಕಾಟ, ಅಕಾರಾದಿ

ಹೆಸರಿನ ಕ್ಷೇತ್ರದಲ್ಲಿ ‘ಅಕ್ಷರಗಳು ಮಾತ್ರ’ ಎಂದು ಪರಿಶೀಲಿಸಲು ರೆಗೆಕ್ಸ್‌ನಲ್ಲಿ ಯುನಿಕೋಡ್‌ನ ‘ಎಲ್’ ವರ್ಗವನ್ನಷ್ಟೇ ಕೊಟ್ಟರೆ ‘ರಮ’ ಒಳಗೆ ಹೋಗುತ್ತಾಳೆ, ‘ಸೀತಾ’ ಹೊರಗುಳಿಯುತ್ತಾಳೆ. ಕಾಗುಣಿತದ ಚಿಹ್ನೆಗಳು, ಹಲಂತ, ಅನುಸ್ವಾರ ಎಲ್ಲವೂ ‘ಎಂ’ ವರ್ಗದವು. ಎರಡೂ ವರ್ಗ ಸೇರಿಸಿ, ಜೊತೆಗೆ 8204, 8205, ಖಾಲಿ ಜಾಗ, ಚುಕ್ಕಿ ಇವಕ್ಕೂ ಅನುಮತಿ ಕೊಡಿ. ಇನಿಷಿಯಲ್ ಬರೆಯುವವರಿಗೆ ಚುಕ್ಕಿ ಬೇಕೇ ಬೇಕು. ಜಾವಾಸ್ಕ್ರಿಪ್ಟ್ ರೆಗೆಕ್ಸ್‌ನ ಬ್ಯಾಕ್‌ಸ್ಲ್ಯಾಷ್-ಡಬ್ಲ್ಯು ಮತ್ತು ಬ್ಯಾಕ್‌ಸ್ಲ್ಯಾಷ್-ಬಿ ಎರಡಕ್ಕೂ ಕನ್ನಡ ಗೊತ್ತಿಲ್ಲ. ಪದದ ಗಡಿ ಬೇಕಾದರೆ ಸೆಗ್ಮೆಂಟರ್ ಅನ್ನೇ ಪದ ಮಟ್ಟಕ್ಕೆ ಇಟ್ಟು ಬಳಸಿ.

ಟೈಪ್ ಮಾಡುತ್ತಿದ್ದಂತೆ ಹುಡುಕುವ ಪೆಟ್ಟಿಗೆಯಲ್ಲಿ ಇನ್ನೊಂದು ತೊಡಕಿದೆ. ಲಿಪ್ಯಂತರ ಕೀಲಿಮಣೆಯಲ್ಲಿ ಪದವನ್ನು ಆರಿಸಲು ಎಂಟರ್ ಒತ್ತಿದರೆ ಫಾರ್ಮೇ ಸಲ್ಲಿಕೆಯಾಗುತ್ತದೆ. ಕೀಡೌನ್ ಘಟನೆಯಲ್ಲಿ ಇಸ್‌ಕಂಪೋಸಿಂಗ್ ನಿಜವಾಗಿದ್ದರೆ ಏನೂ ಮಾಡದೆ ಹಿಂತಿರುಗಿ, ಹುಡುಕಾಟವನ್ನು ಕಂಪೋಸಿಷನ್‌ಎಂಡ್ ಬಂದ ಮೇಲೆ ಶುರು ಮಾಡಿ.

ಅಕಾರಾದಿಯಲ್ಲಿ ಜೋಡಿಸುವಾಗ ಬರೀ ಸಾರ್ಟ್ ಕರೆದರೆ ಸಂಕೇತ ಸಂಖ್ಯೆಯ ಕ್ರಮ ಬರುತ್ತದೆ. ಅದು ಬಹುತೇಕ ಸರಿ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದು ತಡ. ಯುನಿಕೋಡ್‌ನಲ್ಲಿ ‘ಳ’ (3251) ಬರುವುದು ವ, ಶ, ಷ, ಸ, ಹಗಳಿಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ. ಬರೀ ಸಾರ್ಟ್‌ನಲ್ಲಿ ‘ಬಳೆ’ ಮೊದಲು, ‘ಬಸವ’ ಆಮೇಲೆ. ನಿಘಂಟಿನಲ್ಲಿ ‘ಬಸವ’ ಮೊದಲು. ಇಂಟ್ಲ್‌ನ ಕೊಲೇಟರ್‌ಗೆ ಕೆಎನ್ ಕೊಟ್ಟು ಅದರ ಕಂಪೇರ್ ಅನ್ನು ಸಾರ್ಟ್‌ಗೆ ಒಪ್ಪಿಸಿ, ಈ ಎರಡು ಪದಗಳನ್ನೇ ಹಾಕಿ ಪರೀಕ್ಷಿಸಿ. ನೋಡ್ 13ಕ್ಕಿಂತ ಹಳೆಯ ಸರ್ವರ್‌ಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ದತ್ತಾಂಶ ಇರುವುದಿಲ್ಲ. ದೋಷ ತೋರಿಸದೆಯೇ ಬೇರೆ ಕ್ರಮದಲ್ಲಿ ಜೋಡಿಸಿಬಿಡುತ್ತದೆ.

ಡೇಟಾಬೇಸ್‌ನಲ್ಲಿ ಯುನೀಕ್ ಕೀಲಿ ಇಡುವ ಮುನ್ನ ‘ಕಂಬ’ ಮತ್ತು ‘ಕಬ’ ಸಮವೇ ಎಂದು, ಪದಗಳನ್ನು ಹೋಲಿಸುವ ನಿಯಮವಾದ ನಿಮ್ಮ ಕೊಲೇಷನ್‌ನಲ್ಲಿ ಒಂದು ಸೆಲೆಕ್ಟ್ ಓಡಿಸಿ. ಹೆಸರಿನ ಕೊನೆಯಲ್ಲಿ ‘ಎಐ-ಸಿಐ’ ಇರುವ ಕೊಲೇಷನ್‌ಗಳು ಅಕ್ಷರಕ್ಕೆ ಸೇರುವ ಚಿಹ್ನೆಗಳ (ಆಕ್ಸೆಂಟ್) ವ್ಯತ್ಯಾಸ ಗಣಿಸುವುದಿಲ್ಲ. ಉತ್ತರ 1 ಬಂದರೆ ‘ಎಎಸ್-ಸಿಎಸ್’ಗೆ ಬದಲಿಸಿ.

ಕಣ್ಣಿಗೆ ಕಾಣುವ ಭಾಗ

ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಗುಣಕ್ಕೆ ಕೆಎನ್ ಬರೆಯಿರಿ. ಪರದೆ ಓದುವ ತಂತ್ರಾಂಶ ಯಾವ ದನಿಯಲ್ಲಿ ಓದಬೇಕು ಎಂದು ತಿಳಿಯುವುದು ಅದರಿಂದ. ಆಮೇಲೆ ಸಿಎಸ್‌ಎಸ್‌ನ ಬುನಾದಿ:

ಬಾಡಿ {
ಫಾಂಟ್-ಸೈಜ್: 17ಪಿಎಕ್ಸ್;
ಲೈನ್-ಹೈಟ್: 1.7;
ಲೆಟರ್-ಸ್ಪೇಸಿಂಗ್: 0;
ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್;
ಫಾಂಟ್-ಸಿಂಥೆಸಿಸ್: ನನ್;
}

ಇಂಗ್ಲಿಷ್‌ಗೆ ಸಾಕಾಗುವ 1.4ರ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ‘ಸ್ತ್ರೀ’, ‘ರಾಷ್ಟ್ರ’ಗಳಲ್ಲಿ ಒತ್ತಿನ ಕೆಳಗೆ ಒತ್ತು ಇಳಿಯುತ್ತದೆ, ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ಶೀರ್ಷಿಕೆಗಳಿಗೂ 1.4ಕ್ಕಿಂತ ಕಡಿಮೆ ಬೇಡ. ಗುಂಡಿಗಳಿಗೆ 36 ಪಿಕ್ಸೆಲ್ ಎಂದು ಎತ್ತರ ಕಟ್ಟಿಹಾಕಿ ಓವರ್‌ಫ್ಲೋ ಮರೆಮಾಡಿದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಎತ್ತರ ಬಿಟ್ಟು ಪ್ಯಾಡಿಂಗ್ ಕೊಡಿ.

ವರ್ಡ್-ಬ್ರೇಕ್‌ಗೆ ಬ್ರೇಕ್-ಆಲ್ ಕೊಡಬೇಡಿ, ಪದಗಳು ಸಿಕ್ಕಲ್ಲಿ ತುಂಡಾಗುತ್ತವೆ. ಕನ್ನಡದಲ್ಲಿ ‘ಮಾಡಬೇಕಾಗಿರುವುದರಿಂದ’ ಎಂಬಂಥ ಉದ್ದ ಪದಗಳು ಸಹಜ, 360 ಪಿಕ್ಸೆಲ್ ಅಗಲದ ಮೊಬೈಲ್‌ನಲ್ಲಿ ದೊಡ್ಡ ಶೀರ್ಷಿಕೆಯಾಗಿ ಅದು ಹಿಡಿಸುವುದಿಲ್ಲ. ಅಂಥ ಪದದೊಳಗೆ ಸರಿಯಾದ ಜಾಗದಲ್ಲಿ &#173; ಹಾಕಿ: ಮಾಡಬೇಕಾಗಿ&#173;ರುವುದರಿಂದ. ಜಾಗ ಸಾಲದಾಗ ಮಾತ್ರ ಅಲ್ಲಿ ಅಡ್ಡಗೆರೆ ಮೂಡಿ ಪದ ಮುರಿಯುತ್ತದೆ.

ಇಟಾಲಿಕ್ ಕನ್ನಡದ ಲಿಪಿಪರಂಪರೆಯದ್ದಲ್ಲ. ಬ್ರೌಸರ್ ನೇರ ಅಕ್ಷರವನ್ನೇ ವಾಲಿಸಿ ಕೃತಕವಾಗಿ ತೋರಿಸುತ್ತದೆ, ಓದಲು ಕಷ್ಟ. ಇಎಂ ಟ್ಯಾಗ್‌ಗೆ ದಪ್ಪ ಅಥವಾ ಬಣ್ಣ ಕೊಡಿ. ಸಿಂಥೆಸಿಸ್ ನಿಲ್ಲಿಸಿದ ಮೇಲೆ ದಪ್ಪ ಅಕ್ಷರದ ಫೈಲ್ ಅನ್ನೂ ಲೋಡ್ ಮಾಡಿರಬೇಕು, ಇಲ್ಲದಿದ್ದರೆ ಬೋಲ್ಡ್ ಕೂಡ ಕಾಣುವುದಿಲ್ಲ. ಪ್ಯಾರಾದ ಮೊದಲಕ್ಷರ ದೊಡ್ಡದು ಮಾಡಲು ಫಸ್ಟ್-ಲೆಟರ್ ನೆಚ್ಚಬೇಡಿ, ‘ಪ್ರ’ದಂಥ ಒತ್ತಕ್ಷರದಲ್ಲಿ ಫಲಿತಾಂಶ ಬ್ರೌಸರ್‌ಗೆ ತಕ್ಕಂತೆ ಬೇರೆಯಾಗುತ್ತದೆ. ಇಡೀ ಅಕ್ಷರವನ್ನು ಸ್ಪ್ಯಾನ್‌ನಲ್ಲಿ ಸುತ್ತಿ.

ಫಾಂಟ್ ವಿಷಯಕ್ಕೆ ಬಂದರೆ, ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡ, ಬಾಲೂ ತಮ್ಮ 2 ಮುಕ್ತವಾಗಿ ಸಿಗುತ್ತವೆ. ಉದ್ದ ಬರಹಕ್ಕೆ ಮೊದಲ ಎರಡು ಸಾಕು. ಬಾಲೂ ತಮ್ಮ ಶೀರ್ಷಿಕೆಗಷ್ಟೇ ಚಂದ. ಫೈಲ್ ಚಿಕ್ಕದು ಮಾಡಲು, ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ ನೀವೇ ಸಬ್‌ಸೆಟ್ ಮಾಡುವುದಾದರೆ ಎರಡು ಎಚ್ಚರಿಕೆ. ಒಂದು, ಒತ್ತಕ್ಷರ ಕಟ್ಟುವ ಲೇಔಟ್ ನಿಯಮಗಳನ್ನು ಉಳಿಸಿಕೊಳ್ಳಿ; ಪೈಎಫ್‌ಟಿಸಬ್‌ಸೆಟ್ ಬಳಸಿದರೆ ಲೇಔಟ್-ಫೀಚರ್ಸ್‌ಗೆ ನಕ್ಷತ್ರ ಚಿಹ್ನೆ ಕೊಡಿ. ಎರಡು, ಯುನಿಕೋಡ್-ರೇಂಜ್‌ನಲ್ಲಿ ಕನ್ನಡದ 3200–3327 ಮಾತ್ರ ಬರೆದು ನಿಲ್ಲಿಸಬೇಡಿ. ಜಾಯ್ನರ್‌ಗಳು (8204, 8205), ದಂಡಗಳು (2404, 2405), ರೂಪಾಯಿ ಚಿಹ್ನೆ (8377), ಚುಕ್ಕಿವೃತ್ತ (9676) ಸೇರಿಸಿ. ಸಿಎಸ್‌ಎಸ್ ಈ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ಕೇಳುತ್ತದೆ, ಬದಲಿಸಿಕೊಳ್ಳಿ. ಜಾಯ್ನರ್ ಬಿಟ್ಟುಹೋದರೆ ಪದದ ನಡುವೆ ಫಾಂಟ್ ಬದಲಾಗಿ ‘ರ‍್ಯಾಲಿ’ ಒಡೆದು ಕಾಣುವ ಅಪಾಯವಿದೆ.

ಲಕ್ಷ-ಕೋಟಿಯ ಅಲ್ಪವಿರಾಮದೊಂದಿಗೆ ಕನ್ನಡ ಅಂಕಿ ತೋರಿಸಬೇಕೆ? ನಂಬರ್‌ಫಾರ್ಮ್ಯಾಟ್‌ಗೆ ‘ಇಎನ್-ಐಎನ್-ಯು-ಎನ್‌ಯು-ಕೆಎನ್‌ಡಿಎ’ ಕೊಡಿ, ೧೨,೩೪,೫೬೭ ಬರುತ್ತದೆ.

ಪುಟದಿಂದ ಹೊರಗೆ ಹೋಗುವಾಗ

ವಿಳಾಸದಲ್ಲಿ ಕನ್ನಡ ಬಳಸಿದರೆ ಪ್ರತಿ ಸಂಕೇತ ಶೇಕಡಾ ಚಿಹ್ನೆಗಳೊಂದಿಗೆ 9 ಲಿಪಿಚಿಹ್ನೆಗಳಾಗುತ್ತದೆ. ‘ಕರ್ನಾಟಕ’ ಒಂದೇ 63. ವರ್ಡ್‌ಪ್ರೆಸ್ ಸ್ಲಗ್‌ಗೆ (ವಿಳಾಸದಲ್ಲಿ ಲೇಖನವನ್ನು ಗುರುತಿಸುವ ಭಾಗ) 200ರ ಮಿತಿಯಿದೆ, ಅಂದರೆ 22 ಸಂಕೇತ. ಉದ್ದ ಶೀರ್ಷಿಕೆಯ ಎರಡು ಲೇಖನಗಳ ಮೊದಲ ಪದಗಳು ಒಂದೇ ಆಗಿದ್ದರೆ ಸ್ಲಗ್‌ಗಳೂ ಒಂದೇ ಆಗಿ, ಕೊನೆಗೆ 2, 3 ಎಂದು ಬಾಲ ಹಚ್ಚಿಕೊಳ್ಳುತ್ತವೆ. ಚಿಕ್ಕ ಲಿಪ್ಯಂತರ ಸ್ಲಗ್ ಅಥವಾ ಸಂಖ್ಯೆ ಇಡುವುದೇ ಮೇಲು. ವಾಟ್ಸಾಪ್‌ನಲ್ಲಿ ಹಂಚಿದಾಗಲೂ ಚೊಕ್ಕಟವಾಗಿರುತ್ತದೆ.

ಸಿಎಸ್‌ವಿ ಫೈಲ್ ಇಳಿಸಿಕೊಂಡವರು ಎಕ್ಸೆಲ್‌ನಲ್ಲಿ ಎರಡು ಸಲ ಕ್ಲಿಕ್ಕಿಸಿ ತೆರೆಯುತ್ತಾರೆ, ಓರೆಗೀಟಿನ ‘ಎ’ ಸಾಲುಗಟ್ಟುತ್ತದೆ. ಫೈಲಿನ ಮೊಟ್ಟಮೊದಲಿಗೆ 65279 ಸಂಕೇತ ಬರೆದರೆ ಎಕ್ಸೆಲ್ ಅದನ್ನು ಯುಟಿಎಫ್-8 ಎಂದು ಗುರುತಿಸುತ್ತದೆ. ಅದೇ ಫೈಲನ್ನು ನಿಮ್ಮ ಕೋಡ್ ಮತ್ತೆ ಓದುವುದಿದ್ದರೆ ಆ ಸಂಕೇತ ತೆಗೆದು ಓದಿ, ಇಲ್ಲದಿದ್ದರೆ ಮೊದಲ ಕಾಲಂನ ಹೆಸರು ಹೊಂದುವುದಿಲ್ಲ.

ಪಿಡಿಎಫ್‌ನಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತರೆ, ಹಲಂತ ಹಾಗೆಯೇ ಕಂಡರೆ, ಫಾಂಟನ್ನು ದೂರಬೇಡಿ. ಜೆಎಸ್‌ಪಿಡಿಎಫ್, ಎಫ್‌ಪಿಡಿಎಫ್, ಡಾಂಪಿಡಿಎಫ್ ಸಂಕೇತಗಳನ್ನು ಬಂದ ಸಾಲಿನಲ್ಲೇ ಜೋಡಿಸುತ್ತವೆ, ಅಕ್ಷರ ಕಟ್ಟುವ ಕೆಲಸ ಅವಕ್ಕೆ ಬರುವುದಿಲ್ಲ. ವೀಸಿಪ್ರಿಂಟ್‌ನಿಂದ ಅಥವಾ, ಪಪೆಟಿಯರ್ ಮೂಲಕ ಹೆಡ್‌ಲೆಸ್ ಕ್ರೋಮ್‌ನಿಂದ ಮುದ್ರಿಸಿ. ಪಿಎಚ್‌ಪಿಯೇ ಬೇಕಿದ್ದರೆ ಎಂಪಿಡಿಎಫ್‌ನಲ್ಲಿ ಆ ಫಾಂಟ್‌ಗೆ ಯೂಸ್‌ಒಟಿಎಲ್ ಚಾಲೂ ಮಾಡಿ. ಪೈಥಾನ್‌ನ ಪಿಲ್ಲೋದಲ್ಲಿ ಚಿತ್ರದ ಮೇಲೆ ಕನ್ನಡ ಬರೆಯಲು ಲೇಔಟ್ ಎಂಜಿನ್ ರಾಕ್ಮ್ ಇರಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದು ಸರ್ವರ್‌ನಲ್ಲಿ ಖಾಲಿ ಚೌಕ ಬಂದರೆ ಆ ಡಾಕರ್ ಇಮೇಜ್‌ನಲ್ಲಿ ಕನ್ನಡ ಫಾಂಟೇ ಇಲ್ಲ. ಡೆಬಿಯನ್ ಆಧಾರಿತವಾದರೆ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿ. ಗುಬ್ಬಿ, ನವಿಲು ಎರಡೂ ಅದರ ಜೊತೆ ಬರುತ್ತವೆ.